ಹಾರ್ಡ್‌ವಿಕ್ ಹಾಲ್: ಇಷ್ಟೊಂದು ಗಾಜಿಟ್ಟುಕೊಂಡು ಗೋಡೆ ನಿಂತಿದ್ದು ಹೇಗೆ?

ನಕ್ಷೆಗಣ್ಣು:
ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹಾರ್ಡ್‌ವಿಕ್ ಹಾಲ್ ಬಗ್ಗೆ ಗೊತ್ತಿರುವವರು ದಯವಿಟ್ಟು ಬರೆಯಿರಿ. 1590ರಿಂದ 1597ರೊಳಗೆ ಕಟ್ಟಿದ ಮನೆ. ಕಟ್ಟಿಸಿದಾಕೆ ಬೆಸ್ ಆಫ್ ಹಾರ್ಡ್‌ವಿಕ್, ಅಂದರೆ ಶ್ರೂಸ್‌ಬರಿಯ ಕೌಂಟೆಸ್ ಎಲಿಜಬೆತ್. "ಗೋಡೆಗಿಂತ ಗಾಜೇ ಹೆಚ್ಚು" ಅಂತ ಅಲ್ಲಿನ ಜನ ಪ್ರಾಸ ಕಟ್ಟಿ ಹೇಳುವ ಮನೆ ಇದೇ. ನನ್ನ ಪ್ರಶ್ನೆ ಮೂರು.

ಒಂದು, ಉಕ್ಕಿನ ಚೌಕಟ್ಟಿಲ್ಲದ ಕಾಲದಲ್ಲಿ ಹೊರಗೋಡೆಯ ಬಹುಪಾಲನ್ನು ಕಿಟಕಿಗೇ ಬಿಟ್ಟರೆ ಭಾರ ಹೊರುವುದು ಯಾವುದು? ಎರಡು, ಸಾಮಾನ್ಯವಾಗಿ ಮೇಲೆ ಹೋದಂತೆ ಅಂತಸ್ತಿನ ಎತ್ತರ ಕಡಿಮೆಯಾಗುತ್ತದೆ, ಇಲ್ಲಿ ತಿರುಗುಮುರುಗು, ಯಾಕೆ? ಮೂರು, ಕೆಲವು ಕಿಟಕಿಗಳ ಹಿಂದೆ ಕೋಣೆಯೇ ಇಲ್ಲವಂತೆ. ಕಿಟಕಿ ತೆರಿಗೆ ತಪ್ಪಿಸಲು ಮುಚ್ಚಿದ್ದು ಎಂದು ಓದಿದ್ದೇನೆ. ಹೌದೇ?

ಕಲ್ಕೆಲಸ:
ಮೊದಲನೆಯದಕ್ಕೆ ಉತ್ತರ ಮುಂಭಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ, ನೆಲನಕ್ಷೆ ನೋಡಬೇಕು. ಹಳೆಯ ಇಂಗ್ಲಿಷ್ ಮನೆಗಳಲ್ಲಿ ಅಗ್ಗಿಷ್ಟಿಕೆ, ಚಿಮಣಿ ಬಹುತೇಕ ಹೊರಗೋಡೆಗೆ ಅಂಟಿಕೊಂಡಿರುತ್ತಿದ್ದವು. ಚಿಮಣಿ ಇರುವಲ್ಲಿ ಕಿಟಕಿ ಇಡಲಾಗದು. ಹಾರ್ಡ್‌ವಿಕ್‌ನಲ್ಲಿ ಹೊಗೆಗೂಡುಗಳನ್ನು ಹೆಚ್ಚಿನ ಮಟ್ಟಿಗೆ ಒಳಗಿನ ದಪ್ಪ ಗೋಡೆಗಳಿಗೆ ಸೇರಿಸಿದ್ದಾರೆ. ಇದರಿಂದ ಎರಡು ಲಾಭ: ಹೊರಗೋಡೆ ಗಾಜಿಗೆ ಬಿಡುವಾಯಿತು, ಒಳಗೋಡೆ ದಪ್ಪವಾಗಿ ಮನೆಗೆ ಬೆನ್ನೆಲುಬಾಯಿತು. ತೊಲೆಗಳ ಒಂದು ತುದಿಗೆ ಗಟ್ಟಿ ಆಧಾರ ಅಲ್ಲೇ ಸಿಕ್ಕಿತು.

ಇನ್ನು ಆರು ಗೋಪುರ. ಉದ್ದದ ಎರಡು ಬದಿಗೆ ಎರಡೆರಡು, ಗಿಡ್ಡ ಬದಿಗೆ ಒಂದೊಂದು. ಚಂದಕ್ಕೆ ಮಾತ್ರ ಅಂದುಕೊಳ್ಳಬೇಡಿ. ನೇರವಾಗಿ ಉದ್ದಕ್ಕೆ ಓಡುವ ತೆಳು ಗೋಡೆ ಹೊರಕ್ಕೆ ವಾಲುವ ಸಾಧ್ಯತೆ ಹೆಚ್ಚು. ಅದನ್ನು ಅಲ್ಲಲ್ಲಿ ಮುರಿದು, ತೊಂಬತ್ತು ಡಿಗ್ರಿ ತಿರುಗಿಸಿ, ಮತ್ತೆ ತಿರುಗಿಸಿದರೆ ಪ್ರತಿ ಮೂಲೆಯೂ ಆನಿಕೆ ಕೊಡುತ್ತದೆ. ಮಡಿಸಿದ ರಟ್ಟು ನೆಟ್ಟಗೆ ನಿಲ್ಲುವ ಹಾಗೆ.

ಕಿಟಕಿಯನ್ನೂ ಒಂದೇ ದೊಡ್ಡ ತೂತು ಎಂದು ಎಣಿಸಬಾರದು. ಮುಲಿಯನ್ ಎನ್ನುವ ಕಲ್ಲಿನ ನಿಲುಕಂಬಗಳು, ಟ್ರಾನ್ಸಮ್ ಎನ್ನುವ ಅಡ್ಡಪಟ್ಟಿಗಳು ಸೇರಿ ಜಾಲರಿಯಾಗಿವೆ. ಮೇಲಿನ ಲಿಂಟಲ್ ಕಲ್ಲು ದಾಟಬೇಕಾದ ಅಂತರ ಒಂದು ಮುಲಿಯನ್‌ನಿಂದ ಇನ್ನೊಂದಕ್ಕೆ ಮಾತ್ರ. ಕಲ್ಲು ಒತ್ತಡ ತಾಳುತ್ತದೆ, ಬಾಗುವುದನ್ನು ತಾಳುವುದಿಲ್ಲ. ಹೀಗಾಗಿ ಅಂತರ ಸಣ್ಣದಿರಲೇಬೇಕು. ಹಾಗಾಗಿ ಮುಲಿಯನ್ ಅಲಂಕಾರವಲ್ಲ, ಭಾರ ಹೊರುವ ಭಾಗ. ದುರಸ್ತಿಗೆ ಬಂದವರು ಆಸರೆ ಕೊಡದೆ ಒಂದನ್ನು ಬಿಚ್ಚಿದರೆ ಮೇಲಿನ ಲಿಂಟಲ್ ನಡುವಿಗೆ ಸೀಳುತ್ತದೆ.

ಗಾರೆಸುಣ್ಣ:
ಮೂರನೆಯದು ಸುಳ್ಳು. ಕಿಟಕಿ ತೆರಿಗೆ ಬಂದದ್ದು 1696ರಲ್ಲಿ, ರದ್ದಾದದ್ದು 1851ರಲ್ಲಿ. ಹಾರ್ಡ್‌ವಿಕ್ ಮುಗಿದು ಹೆಚ್ಚುಕಡಿಮೆ ನೂರು ವರ್ಷ ಕಳೆದಿತ್ತು. ಇಲ್ಲಿನ ಹುಸಿ ಕಿಟಕಿಗಳು ಕಟ್ಟುವಾಗಲೇ ಹುಸಿ. ಹೊರಗಿನಿಂದ ನಾಲ್ಕೂ ಬದಿಯಲ್ಲಿ ಎಡಬಲ ಸಮಾನವಾಗಿ ಕಾಣಬೇಕು ಎಂಬುದು ಷರತ್ತು. ಒಳಗೆ ಚಿಮಣಿ ಅಡ್ಡ ಬಂದರೂ ಹೊರಗೆ ಕಲ್ಲಿನ ಜಾಲರಿ, ಗಾಜು ಹಾಕಿ ಹಿಂದೆ ಗೋಡೆ ಕಟ್ಟಿದ್ದಾರೆ. ಇನ್ನು ಕೆಲವು ಕಡೆ ಹೊರಗೆ ಒಂದೇ ಎತ್ತರದ ಕಿಟಕಿ, ಒಳಗೆ ಅದರ ಹಿಂದೆ ಎರಡು ತಗ್ಗು ಅಂತಸ್ತು.

ಯಾವ ಇಂಗ್ಲಿಷ್ ಹಳೆಮನೆಯಲ್ಲಿ ಕುರುಡು ಕಿಟಕಿ ಕಂಡರೂ ತೆರಿಗೆಯ ಕಥೆ ಹೇಳುವ ಗೈಡುಗಳಿದ್ದಾರೆ. ಮೊದಲು ಕಟ್ಟಿದ ವರ್ಷ ಕೇಳಿ. ಆಮೇಲೆ ಸಂದು ನೋಡಿ: ಮುಚ್ಚಿದ ಕಲ್ಲು ಸುತ್ತಲಿನ ಸಾಲುಗಳ ಜತೆ ಹೆಣೆದುಕೊಂಡಿದ್ದರೆ ಮೊದಲಿಂದ ಇದ್ದದ್ದು, ಅಂಚಿನುದ್ದಕ್ಕೆ ನೇರ ಸಂದು ಇದ್ದರೆ ಆಮೇಲೆ ಮುಚ್ಚಿದ್ದು.

ತೊಟ್ಟಿಮನೆ:
ಎರಡನೆಯದು ನನ್ನ ಪಾಲಿಗಿರಲಿ. ಅಂತಸ್ತಿನ ಎತ್ತರ ನೇರವಾಗಿ ದರ್ಜೆಯ ಲೆಕ್ಕ. ನೆಲ ಅಂತಸ್ತು ಆಳುಕಾಳು, ಅಡುಗೆಮನೆಗೆ, ಅದು ತಗ್ಗು. ಮೊದಲ ಮಹಡಿ ಬೆಸ್‌ಳ ದಿನಬಳಕೆಯ ಕೋಣೆಗಳು, ಸ್ವಲ್ಪ ಎತ್ತರ. ಎರಡನೇ ಮಹಡಿ ರಾಜಮರ್ಯಾದೆಯ ಕೋಣೆಗಳು: ಹೈ ಗ್ರೇಟ್ ಚೇಂಬರ್, ಲಾಂಗ್ ಗ್ಯಾಲರಿ. ಎಲ್ಲಕ್ಕಿಂತ ಎತ್ತರ ಅಲ್ಲೇ, ಕಿಟಕಿಯೂ ಅಲ್ಲೇ ದೊಡ್ಡದು. ಹೊರಗೆ ನಿಂತವನಿಗೂ ಯಾವ ಮಹಡಿ ಯಾರದ್ದು ಎಂದು ಕಿಟಕಿ ನೋಡಿಯೇ ಗೊತ್ತಾಗಬೇಕು.

ಭಾರದ ದೃಷ್ಟಿಯಿಂದಲೂ ಇದು ಅಷ್ಟೇನೂ ಹುಚ್ಚಲ್ಲ. ಮೇಲ್ಮಹಡಿಯ ಗೋಡೆ ಮಾಡನ್ನು ಮಾತ್ರ ಹೊರುತ್ತದೆ. ಕೆಳಗಿನ ಗೋಡೆಗೆ ಎಲ್ಲ ಅಂತಸ್ತಿನ ಭಾರ. ದೊಡ್ಡ ತೂತು ಮೇಲೆ, ಸಣ್ಣದು ಕೆಳಗೆ ಎಂಬುದು ಕಲ್ಲಿಗೆ ಒಗ್ಗುವ ಕ್ರಮವೇ.

ಇದಕ್ಕಿಂತ ದೊಡ್ಡ ಹೊಸತನ ಕೆಳಗಿನ ಹಾಲ್‌ನಲ್ಲಿದೆ. ಆವರೆಗಿನ ಇಂಗ್ಲಿಷ್ ಮನೆಯಲ್ಲಿ ಗ್ರೇಟ್ ಹಾಲ್ ಮುಂಭಾಗಕ್ಕೆ ಸಮಾನಾಂತರವಾಗಿ ಮಲಗಿರುತ್ತಿತ್ತು. ಅದರ ಒಂದು ತುದಿಯಲ್ಲಿ ಬಾಗಿಲು, ಇನ್ನೊಂದು ತುದಿಯಲ್ಲಿ ಯಜಮಾನನ ವೇದಿಕೆ. ಹೀಗಿದ್ದಾಗ ಬಾಗಿಲು ನಡುವಿಗೆ ಬರುವುದಿಲ್ಲ, ಮುಂಭಾಗ ಸಮಾನವಾಗುವುದಿಲ್ಲ. ವರ್ಷಗಟ್ಟಲೆ ವಾಸ್ತುಕಾರರು ಈ ಬಾಗಿಲನ್ನು ಬಚ್ಚಿಡಲು ಒದ್ದಾಡಿದ್ದಾರೆ. ಹಾರ್ಡ್‌ವಿಕ್‌ನಲ್ಲಿ ಹಾಲನ್ನೇ ತಿರುಗಿಸಿ, ಮುಂಭಾಗದಿಂದ ಹಿಂಭಾಗಕ್ಕೆ ಮನೆಯ ನಡುಗೆರೆಯ ಮೇಲೆ ಇಟ್ಟರು. ಬಾಗಿಲು ತಾನಾಗಿ ನಡುವಿಗೆ ಬಂತು. ಒಳಹೊಕ್ಕ ತಕ್ಷಣ ಕಲ್ಲಿನ ಕಂಬಗಳ ಪರದೆ, ಆಚೆಗೆ ಎರಡು ಅಂತಸ್ತಿನ ಎತ್ತರದ ಹಾಲ್.

ಬೆಲೆ ತೆತ್ತದ್ದೂ ಇದೆ. ಹಾಲ್ ಬರೀ ಪ್ರವೇಶದ ಜಾಗವಾಗಿ, ಆಳುಗಳು ಉಣ್ಣುವ ಜಾಗವಾಗಿ ಉಳಿಯಿತು. ದೊಡ್ಡ ಊಟವೆಲ್ಲ ಎರಡನೇ ಮಹಡಿಯ ಹೈ ಗ್ರೇಟ್ ಚೇಂಬರ್‌ನಲ್ಲಿ. ಅಡುಗೆಮನೆ ಉತ್ತರ ತುದಿಯ ನೆಲ ಅಂತಸ್ತಿನಲ್ಲಿ, ಊಟದ ಕೋಣೆ ದಕ್ಷಿಣ ತುದಿಯ ಎರಡನೇ ಮಹಡಿಯಲ್ಲಿ. ಹಾಲ್ ದಾಟಿ, ಅಂಕುಡೊಂಕಾಗಿ ಏರುವ ಅಗಲ ಕಲ್ಲುಮೆಟ್ಟಿಲು ಹತ್ತಿ, ಮೆರವಣಿಗೆಯಲ್ಲಿ ತಟ್ಟೆ ಒಯ್ಯಬೇಕು. ಬಿಸಿ ಊಟಕ್ಕೆ ಮಾಡಿದ ನಕ್ಷೆಯಂತೂ ಅಲ್ಲ.

ನಕ್ಷೆಗಣ್ಣು:
ತುಂಬಾ ಉಪಕಾರ. ಹಾಗಾದರೆ ಈ ನಕ್ಷೆ ಆ ಕಾಲದ ಕಟ್ಟಡ ವಿನ್ಯಾಸಗಾರ ರಾಬರ್ಟ್ ಸ್ಮಿತ್‌ಸನ್‌ನದೇ ಎಂಬುದು ಖಚಿತವೇ? ಕೆಲವರು "ಬೆಸ್ ತಾನೇ ಮಾಡಿದ್ದು" ಎನ್ನುತ್ತಾರೆ.

ಕಡತಪ್ರಿಯೆ:
ಸಹಿ ಹಾಕಿದ ಕರಾರು ಸಿಕ್ಕಿಲ್ಲ. ಸ್ಮಿತ್‌ಸನ್ ಸಂಗ್ರಹದ ರೇಖಾಚಿತ್ರಗಳಲ್ಲಿ ಹಾರ್ಡ್‌ವಿಕ್‌ಗೆ ತೀರ ಹತ್ತಿರದ ನಕ್ಷೆಯೊಂದಿದೆ. ಅವನ ಹಿಂದಿನ ಕೆಲಸ ಲಾಂಗ್‌ಲೀಟ್, ಆಮೇಲೆ 1580ರಿಂದ 1588ರವರೆಗಿನ ವೊಲ್ಲಾಟನ್ ಹಾಲ್. ಎರಡರಲ್ಲೂ ಇದೇ ಬಗೆಯ ಗಾಜು, ಗೋಪುರ, ಸಮಾನತೆ. ಕೆಲಸಗಾರರೂ ಅಲ್ಲಿಂದಲೇ ಬಂದರು: ಕಲ್ಲುಕುಟಿಗರಾದ ರೋಡ್ಸ್ ಸೋದರರು, ಅಮೃತಶಿಲೆ ಕೆಲಸದ ಥಾಮಸ್ ಆಕ್ರೆಸ್, ಇವರೆಲ್ಲ ವೊಲ್ಲಾಟನ್‌ನಲ್ಲಿ ದುಡಿದವರು.

ಆದರೆ ಇಂದಿನ ಅರ್ಥದಲ್ಲಿ "ಆರ್ಕಿಟೆಕ್ಟ್" ಎಂದುಕೊಂಡರೆ ತಪ್ಪಾಗುತ್ತದೆ. ಆಗ ನಕ್ಷೆ ಕೊಟ್ಟವನು ದಿನಾ ಬಂದು ಉಸ್ತುವಾರಿ ಮಾಡುತ್ತಿರಲಿಲ್ಲ. ಮುಖ್ಯ ಆಲೋಚನೆ ಅವನದು, ಜಾರಿ ಮೇಸ್ತ್ರಿಗಳದು, ಬದಲಾವಣೆಯ ಮಾತು ಬೆಸ್‌ಳದು. ಆಕೆ ಲೆಕ್ಕಪುಸ್ತಕಕ್ಕೆ ಸ್ವತಃ ಸಹಿ ಹಾಕುತ್ತಿದ್ದ ಒಡತಿ. ಪಕ್ಕದಲ್ಲೇ ಹಳೆಯ ಹಾರ್ಡ್‌ವಿಕ್ ಹಾಲ್‌ನ ಕೆಲಸ ನಡೆಯುತ್ತಿರುವಾಗಲೇ ಹೊಸದಕ್ಕೆ ಪಾಯ ತೋಡಿಸಿದಳು. ನಾಲ್ಕನೇ ಗಂಡ, ಶ್ರೂಸ್‌ಬರಿಯ ಅರ್ಲ್, ತೀರಿಕೊಂಡದ್ದು 1590ರ ನವೆಂಬರ್‌ನಲ್ಲಿ. ಅವನ ಆಸ್ತಿಯಿಂದ ಬಂದ ಹಣ ಕೈಸೇರಿದ ಮೇಲೆ ಕೆಲಸ ಓಡಿತು. 1597ರ ಅಕ್ಟೋಬರ್‌ನಲ್ಲಿ ಗೃಹಪ್ರವೇಶ. ಗೋಪುರಗಳ ತುದಿಯಲ್ಲಿ ಆಕಾಶಕ್ಕೆ ಕೆತ್ತಿದಂತೆ "ಇ ಎಸ್" ಅಕ್ಷರ (ಎಲಿಜಬೆತ್ ಶ್ರೂಸ್‌ಬರಿ), ಮೇಲೊಂದು ಕಿರೀಟ. ಮನೆ ಯಾರದ್ದು ಎಂದು ಯಾರೂ ಕೇಳಬಾರದು!

ಕಲ್ಕೆಲಸ:
ಏಳು ವರ್ಷದಲ್ಲಿ ಮುಗಿದದ್ದಕ್ಕೆ ಇನ್ನೊಂದು ಕಾರಣ, ಸಾಮಾನು ಎಲ್ಲಾ ಆಕೆಯ ಕೈಯಳತೆಯಲ್ಲೇ ಇತ್ತು. ಮರಳುಗಲ್ಲು ಮನೆ ನಿಂತಿರುವ ಗುಡ್ಡದ್ದೇ. ಸೀಸ ಡರ್ಬಿಶೈರ್ ಗಣಿಗಳದ್ದು. ಗಾಜು ವಿಂಗ್‌ಫೀಲ್ಡ್‌ನಲ್ಲಿದ್ದ ಆಕೆಯ ಸ್ವಂತ ಕುಲುಮೆಯದ್ದು. ಮರ ಸ್ವಂತ ಎಸ್ಟೇಟುಗಳದ್ದು. ಅಗ್ಗಿಷ್ಟಿಕೆಗೆ ಬಳಸಿದ ಕರಿಗಲ್ಲು ಆಶ್‌ಫರ್ಡ್ ಕಡೆಯದ್ದು. ಅದನ್ನು ಕೈಗರಗಸದಿಂದ ಕೊಯ್ಯುವುದು ತೀರ ನಿಧಾನ ಎಂದು ಆಕ್ರೆಸ್ ನೀರಿನ ಬಲದಿಂದ ಓಡುವ ಗರಗಸ ಮಾಡಿದ್ದ. ಕಲ್ಲು ಕೆತ್ತುವವರಿಗೆ ಬಹುಮಟ್ಟಿಗೆ ದಿನಗೂಲಿಯಲ್ಲ, ಅಳತೆಯ ಲೆಕ್ಕದ ಗುತ್ತಿಗೆ.

ಗಾಜುಗಾರ:
ಇಲ್ಲಿ ಎಲ್ಲರೂ ಕಟ್ಟಿದ್ದರ ಬಗ್ಗೆ ಹೇಳಿದ್ದೀರಿ. ಉಳಿಸುವ ಕಷ್ಟವನ್ನೂ ಸ್ವಲ್ಪ ನೋಡೋಣ, ಯಾಕೆಂದರೆ ಆ ಗಾಜಿನ ಸಾಲ ಈಗಲೂ ತೀರಿಲ್ಲ.

ಆಗ ದೊಡ್ಡ ಹಾಳೆ ಗಾಜು ಇರಲಿಲ್ಲ. ಅಂಗೈಯಗಲದ ತುಂಡುಗಳನ್ನು "ಎಚ್" ಆಕಾರದ ಸೀಸದ ಪಟ್ಟಿಗಳಲ್ಲಿ ಕೂರಿಸಿ ಫಲಕ ಮಾಡುತ್ತಾರೆ. ಫಲಕವನ್ನು ಕಲ್ಲಿನಲ್ಲಿ ಕೊರೆದ ಸಂದಿಗೆ ಸೇರಿಸಿ ಸುಣ್ಣದಿಂದ ಮುಚ್ಚುತ್ತಾರೆ. ಗಾಳಿಗೆ ಫಲಕ ಬಾಗದಿರಲಿ ಎಂದು ಒಳಬದಿಯಲ್ಲಿ ಅಡ್ಡ ಕಬ್ಬಿಣದ ಸರಳು, ಅದಕ್ಕೆ ತಾಮ್ರದ ತಂತಿಯಿಂದ ಕಟ್ಟು.

ಕೆಡುವುದು ಮೂರು ಕಡೆ. ಸೀಸ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿ ಬಳಲುತ್ತದೆ, ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯ ಸೀಳು ಬೀಳುತ್ತದೆ. ಪಟ್ಟಿಯೊಳಗಿನ ಪುಟ್ಟಿ ಒಣಗಿ ಉದುರಿ ನೀರು ನುಗ್ಗುತ್ತದೆ. ಮೂರನೆಯದು ಕೆಟ್ಟದ್ದು: ಕಲ್ಲಿನೊಳಗೆ ಹುಗಿದ ಸರಳಿನ ತುದಿ ತುಕ್ಕು ಹಿಡಿದು ಹಲವು ಪಟ್ಟು ಊದಿ ಮುಲಿಯನ್ನನ್ನೇ ಸೀಳುತ್ತದೆ. ಹೊರಗಿನಿಂದ ಕಲ್ಲಿನ ದೋಷ ಅನ್ನಿಸುತ್ತದೆ, ಕಾರಣ ಒಳಗಿನ ಕಬ್ಬಿಣ.

ಮರುಸೀಸ ಹಾಕುವ ಕ್ರಮ ಹೀಗೆ. ಬಿಚ್ಚುವ ಮೊದಲು ಫಲಕದ ಮೇಲೆ ಕಾಗದವಿಟ್ಟು ಮೇಣದ ಕಡ್ಡಿಯಿಂದ ತಿಕ್ಕಿ ಅಚ್ಚು ತೆಗೆಯಬೇಕು, ಪ್ರತಿ ತುಂಡಿಗೆ ಸಂಖ್ಯೆ ಕೊಡಬೇಕು. ಹಳೆ ಪುಟ್ಟಿಯನ್ನು ನೆನೆಸಿ ಮೆತ್ತಗಾಗಿಸಿ ತೆಗೆಯಬೇಕು, ಒತ್ತಿ ಕೆರೆದರೆ ಹಳೆ ಗಾಜು ಚೂರು. ಹೊಸ ಪಟ್ಟಿಯನ್ನು ಎಳೆದು ನೇರ ಮಾಡಿ, ಒಂದು ಮೂಲೆಯಿಂದ ಶುರುಮಾಡಿ, ಮೊಳೆಗಳಿಂದ ತಡೆದುಕೊಂಡು ಜೋಡಿಸಬೇಕು. ಕೂಡುವ ಪ್ರತಿ ಜಾಗದಲ್ಲಿ ಕೊಬ್ಬಿನ ಕಡ್ಡಿ ಸವರಿ ತವರ–ಸೀಸದ ಬೆಸುಗೆ, ಎರಡೂ ಬದಿಗೆ. ಆಮೇಲೆ ಸೀಮೆಸುಣ್ಣದ ಪುಡಿ ಮತ್ತು ಅಗಸೆ ಎಣ್ಣೆಯ ಪುಟ್ಟಿಯನ್ನು ಬ್ರಷ್‌ನಿಂದ ಪಟ್ಟಿಯೊಳಗೆ ತುಂಬಿ, ಒಣ ಪುಡಿ ಚೆಲ್ಲಿ ಉಜ್ಜಿ, ಫಲಕವನ್ನು ಅಡ್ಡ ಮಲಗಿಸಿ ಕೆಲವು ದಿನ ಗಟ್ಟಿಯಾಗಲು ಬಿಡಬೇಕು. ಅವಸರದಲ್ಲಿ ಎತ್ತಿ ನಿಲ್ಲಿಸಿದರೆ ಪುಟ್ಟಿ ಜಾರಿ ಮೊದಲ ಮಳೆಗೇ ಸೋರುತ್ತದೆ. ಸರಳಿನ ತುದಿಗೆ ಮಾತ್ರ ಕಂಚು ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಜೋಡಿಸಿ ನಡುವಿನ ಹಳೆ ಕಬ್ಬಿಣ ಉಳಿಸಬಹುದು.

ಒಂದು ಎಚ್ಚರಿಕೆ. ಸ್ವಲ್ಪ ಉಬ್ಬಿದೆ ಎಂದ ಮಾತ್ರಕ್ಕೆ ಫಲಕ ಬಿಚ್ಚಬೇಡಿ. ಸೋರದೆ, ಗಾಜು ಒಡೆಯದೆ ಇದ್ದರೆ ಹಾಗೇ ಬಿಡುವುದೇ ಸರಿ.

ಗಾರೆಸುಣ್ಣ:
ಕಲ್ಲಿನದ್ದೂ ಸೇರಿಸುತ್ತೇನೆ. ಮರಳುಗಲ್ಲು ಪದರಪದರವಾಗಿ ಹುಟ್ಟಿದ್ದು. ಗೋಡೆಯಲ್ಲಿ ಆ ಪದರ ಅಡ್ಡ ಮಲಗಿರಬೇಕು, ಆಗ ಮೇಲಿನ ಭಾರ ಪದರಗಳನ್ನು ಬಿಗಿಯಾಗಿ ಒತ್ತುತ್ತದೆ. ಪದರ ಗೋಡೆಯ ಮುಖಕ್ಕೆ ಸಮಾನಾಂತರವಾಗಿ ನಿಂತರೆ ಹಾಳೆಹಾಳೆಯಾಗಿ ಕಳಚುತ್ತದೆ. ತೊಂದರೆ ಮುಲಿಯನ್‌ನದು: ಉದ್ದನೆಯ ಕಲ್ಲು ಬೇಕು, ಗಣಿಯಲ್ಲಿ ಅಷ್ಟು ದಪ್ಪದ ಪದರ ಸಿಗುವುದಿಲ್ಲ, ಹಾಗಾಗಿ ಪದರವನ್ನು ನಿಲ್ಲಿಸಿಯೇ ಕೆತ್ತಬೇಕಾಗುತ್ತದೆ. ಇಂಥ ಮನೆಗಳಲ್ಲಿ ಗೋಡೆ ಚೆನ್ನಾಗಿದ್ದು ಕಿಟಕಿಕಲ್ಲೇ ಮೊದಲು ಉದುರುವುದು ಅದಕ್ಕೇ.

ಇದಕ್ಕಿಂತ ಹೆಚ್ಚು ಹಾಳು ಮಾಡಿದ್ದು ಇಪ್ಪತ್ತನೇ ಶತಮಾನದ ಸಿಮೆಂಟ್ ಪಾಯಿಂಟಿಂಗ್, ಅಂದರೆ ಕಲ್ಲುಗಳ ನಡುವಿನ ಸಂದಿಗೆ ಸಿಮೆಂಟ್ ತುಂಬಿದ್ದು. ಇದು ಹಾರ್ಡ್‌ವಿಕ್ ಒಂದರ ಮಾತಲ್ಲ, ಇಂಗ್ಲೆಂಡಿನ ಹಳೆ ಕಲ್ಲುಮನೆಗಳಲ್ಲೆಲ್ಲ ಕಾಣುವ ರೋಗ. ಸಂದು ಕಲ್ಲಿಗಿಂತ ಮೆತ್ತಗಿದ್ದು ತೇವ ಅದರ ಮೂಲಕ ಆರಬೇಕು. ಸಿಮೆಂಟ್ ಆ ದಾರಿ ಮುಚ್ಚುತ್ತದೆ, ತೇವ ಕಲ್ಲಿನ ಮೂಲಕವೇ ಹೊರಬರುತ್ತದೆ, ಅದರ ಜತೆ ಬಂದ ಉಪ್ಪು ಮೇಲ್ಮೈಯ ಹಿಂದೆ ಹರಳುಗಟ್ಟಿ ಕಲ್ಲನ್ನು ಪುಡಿ ಮಾಡುತ್ತದೆ. ಕೊನೆಗೆ ಕಲ್ಲು ಸವೆದು ಸಿಮೆಂಟ್ ಮಾತ್ರ ಏಣಾಗಿ ಎದ್ದು ನಿಲ್ಲುತ್ತದೆ.

ಸರಿಪಡಿಸುವಾಗ ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ, ಕಡಿಮೆಯೆಂದರೂ 25 ಮಿ.ಮೀ., ಕೈ ಉಳಿಯಿಂದ ಬಿಡಿಸಿ. ಗ್ರೈಂಡರ್ ಬೇಡ, ಕಲ್ಲಿನ ಅಂಚಿಗೆ ಗೀರು ಬೀಳುತ್ತದೆ. ತೊಳೆದು, ನೆನೆಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು ಸೇರಿಸಿದ ಗಾರೆ ಒತ್ತಿ ತುಂಬಿ. ಅರೆಗಟ್ಟಿಯಾದಾಗ ಗಡುಸು ಬ್ರಷ್‌ನಿಂದ ತಟ್ಟಿ ಮೇಲೆ ಕಟ್ಟಿದ ಸುಣ್ಣದ ತೆಳು ಕೆನೆ ತೆಗೆಯಿರಿ. ಗೋಣಿತಾಟು ಇಳಿಬಿಟ್ಟು ಒದ್ದೆಯಾಗಿರಿಸಿ. 5 ಡಿಗ್ರಿಗಿಂತ ಕೆಳಗೆ ಕೆಲಸ ನಿಲ್ಲಿಸಿ. ಡರ್ಬಿಶೈರ್‌ನಲ್ಲಿ ಅಕ್ಟೋಬರ್ ದಾಟಿ ಗಾರೆ ಕಟ್ಟಿದರೆ ಹಿಮಕ್ಕೆ ಉದುರುವುದು ಗ್ಯಾರಂಟಿ.

ಹೊಸಬ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಬೆಂಗಳೂರು ಅರಮನೆಯನ್ನೂ ಟ್ಯೂಡರ್ ಶೈಲಿ ಎನ್ನುತ್ತಾರಲ್ಲ, ಇದೇ ಜಾತಿಯದೇ?

ತೊಟ್ಟಿಮನೆ:
ದೂರದ ನೆಂಟಸ್ತಿಕೆ, ಅಷ್ಟೆ. ಬೆಂಗಳೂರಿನದು ಹತ್ತೊಂಬತ್ತನೇ ಶತಮಾನದ ಪುನರುಜ್ಜೀವನ ಶೈಲಿ: ಕೋಟೆಯ ತೆನೆ, ದುಂಡು ಗೋಪುರ. ಕಣ್ಣಿಗೆ ಬೀಳಬೇಕಾದದ್ದು ಕೋಟೆತನ. ಹಾರ್ಡ್‌ವಿಕ್ ಎಲಿಜಬೆತ್ ಕಾಲದ್ದೇ, ಅದರ ಗೋಪುರ ಚೌಕ, ತೆನೆಯಿಲ್ಲ, ಕೋಟೆತನವನ್ನು ಬೇಕೆಂದೇ ಬಿಟ್ಟ ಮನೆ. ಮುತ್ತಿಗೆ ಹಾಕುವವನಿಗೆ ಇಷ್ಟು ಗಾಜು ತೋರಿಸುವವರು ಯಾರು?

ಕಲ್ಕೆಲಸ:
ನೆಲದ ಬಗ್ಗೆ ಯಾರೂ ಹೇಳಲಿಲ್ಲ. ಮೇಲ್ಮಹಡಿಗಳಲ್ಲಿ ಜಿಪ್ಸಮ್ ಗಾರೆಯ ನೆಲ ಇದೆ, ಮೇಲೆ ಜೊಂಡಿನ ಚಾಪೆ. ಡರ್ಬಿಶೈರ್, ನಾಟಿಂಗ್‌ಹ್ಯಾಮ್‌ಶೈರ್ ಕಡೆ ಜಿಪ್ಸಮ್ ಹೇರಳ, ಅದು ಆ ಪ್ರದೇಶದ ರೂಢಿ. ಜಂತೆಗಳ ಮೇಲೆ ಜೊಂಡು ಇಲ್ಲವೇ ರೀಪು ಹಾಸಿ, ಸುಟ್ಟು ಪುಡಿ ಮಾಡಿದ ಜಿಪ್ಸಮ್ಮನ್ನು ನೀರಲ್ಲಿ ಕಲಸಿ ಸುಮಾರು 50ರಿಂದ 75 ಮಿ.ಮೀ. ದಪ್ಪಕ್ಕೆ ಸುರಿದು ಸಮ ಮಾಡುತ್ತಾರೆ. ಹಲಗೆಗಿಂತ ಅಗ್ಗ, ಬೆಂಕಿ ಕೆಳಗಿನಿಂದ ಮೇಲೇರದಂತೆ ತಡೆಯುತ್ತದೆ, ಸದ್ದೂ ಕಡಿಮೆ.

ಶತ್ರು ಎರಡು. ಮಾಡು ಸೋರಿ ನೀರು ನಿಂತರೆ ಜಿಪ್ಸಮ್ ಕರಗಿ ಮೆತ್ತಗಾಗುತ್ತದೆ. ಅದಕ್ಕಿಂತ ಅಪಾಯ, ಒಡೆದ ಜಾಗಕ್ಕೆ ಸಿಮೆಂಟ್ ತೇಪೆ. ಜಿಪ್ಸಮ್ ಅಂದರೆ ಕ್ಯಾಲ್ಸಿಯಮ್ ಸಲ್ಫೇಟ್. ಸಿಮೆಂಟಿನ ಅಲ್ಯುಮಿನೇಟ್ ಜತೆ ತೇವ ಸಿಕ್ಕರೆ ಎಟ್ರಿಂಗೈಟ್ ಹರಳು ಬೆಳೆದು ಊದುತ್ತದೆ, ತೇಪೆ ಎದ್ದು ಸುತ್ತಲಿನ ಹಳೆ ನೆಲವನ್ನೂ ಒಡೆಯುತ್ತದೆ. ತೇಪೆಯೂ ಜಿಪ್ಸಮ್‌ನದೇ ಆಗಿರಬೇಕು. ನೆಲ ಕುಣಿಯುತ್ತಿದ್ದರೆ ನೋಡಬೇಕಾದ್ದು ಕೆಳಗಿನ ಜಂತೆಯ ತುದಿ, ಗೋಡೆಯೊಳಗೆ ಹೊಕ್ಕ ಜಾಗದಲ್ಲಿ ಮೊದಲು ಕೊಳೆಯುವುದು ಅಲ್ಲೇ.

ಮಾಡುಹೊದಿಕೆ:
ಮಾಡು ಸೋರಿದರೆ ಎಂದಿರಲ್ಲ, ಹಾರ್ಡ್‌ವಿಕ್‌ನದು ಸೀಸ ಹೊದಿಸಿದ ಚಪ್ಪಟೆ ಮಾಡು. ಆ ಕಾಲದಲ್ಲಿ ಮಾಡಿನ ಮೇಲೆ ಅಡ್ಡಾಡುವುದೂ ಅತಿಥಿಗಳಿಗೆ ಒಂದು ಮನರಂಜನೆ, ಗೋಪುರವೊಂದರಲ್ಲಿ ಮಿಠಾಯಿ ತಿನ್ನುವ ಕೋಣೆಯಿದೆ, ಮಾಡಿನ ಮೇಲಿಂದಲೇ ದಾರಿ.

ಸೀಸದಲ್ಲಿ ಎಲ್ಲರೂ ಎಡವುವುದು ಹಾಳೆಯ ಅಳತೆಯಲ್ಲಿ. 3 ಮೀಟರ್ ಉದ್ದದ ಹಾಳೆ, ಚಳಿಗಾಲದ ರಾತ್ರಿಯಿಂದ ಬೇಸಗೆ ಮಧ್ಯಾಹ್ನದವರೆಗೆ 70 ಡಿಗ್ರಿ ವ್ಯತ್ಯಾಸ ಅಂದರೆ ಸುಮಾರು 6 ಮಿ.ಮೀ. ಹಿಗ್ಗುತ್ತದೆ. ನಾಲ್ಕೂ ಬದಿ ಮೊಳೆ ಹೊಡೆದರೆ ಹಿಗ್ಗಲು ಜಾಗವಿಲ್ಲದೆ ಸುಕ್ಕಾಗಿ, ಸುಕ್ಕಿನಲ್ಲೇ ಸೀಳುತ್ತದೆ. ಕೋಡ್ 8 ಎನ್ನುವ 3.55 ಮಿ.ಮೀ. ದಪ್ಪದ ಹಾಳೆಗೆ, ಅದು ಚದರ ಮೀಟರಿಗೆ 40 ಕೆ.ಜಿ. ತೂಗುತ್ತದೆ, ಚಪ್ಪಟೆ ಮಾಡಿನಲ್ಲಿ ಅಗಲ 750 ಮಿ.ಮೀ., ಉದ್ದ 3 ಮೀಟರ್ ದಾಟಬಾರದು. ಉದ್ದದ ಅಂಚನ್ನು ಮರದ ದುಂಡುಪಟ್ಟಿಯ ಮೇಲೆ ಸುತ್ತಬೇಕು, ಅಡ್ಡಕ್ಕೆ ಮೆಟ್ಟಿಲು ಕೊಡಬೇಕು. ಮೊಳೆ ಮೇಲಿನ ತುದಿಗೆ ಮಾತ್ರ.

ಕಣ್ಣಿಗೆ ಕಾಣದ ರೋಗ ಅಡಿಯಲ್ಲಿ. ಕೋಣೆಯ ತೇವ ಮೇಲೇರಿ ಸೀಸದ ಅಡಿಗೆ ಹನಿಗಟ್ಟಿದರೆ ಬಿಳಿ ಪುಡಿಯಾಗಿ ಕೊರೆಯುತ್ತದೆ. ಓಕ್ ಹಲಗೆಯಾದರೆ ಅದರ ಆಮ್ಲವೂ ಸೇರಿ ಬೇಗ. ಹಲಗೆಯಡಿ ಕನಿಷ್ಠ 50 ಮಿ.ಮೀ. ಗಾಳಿ ಆಡುವ ಜಾಗ ಇರಬೇಕು. ಬೆಚ್ಚಗಿರಲಿ ಎಂದು ಆ ಜಾಗಕ್ಕೆ ಉಣ್ಣೆಯೋ ಥರ್ಮಕೋಲೋ ತುರುಕಿದವರು ಮಾಡನ್ನು ಕೊಂದಂತೆಯೇ.

ಹೊಸಬ:
ಅಲ್ಲಿಗೆ ಹೋಗಿ ಬಂದವರ ಬರಹಗಳಲ್ಲಿ ಒಂದೇ ದೂರು: ಅಷ್ಟು ಕಿಟಕಿಯಿದ್ದೂ ಒಳಗೆ ಕತ್ತಲು, ಪರದೆ ಎಳೆದಿರುತ್ತಾರೆ ಅಂತ.

ಕಡತಪ್ರಿಯೆ:
ಎಳೆಯದಿದ್ದರೆ ಒಳಗೆ ನೋಡಲು ಏನೂ ಉಳಿಯುತ್ತಿರಲಿಲ್ಲ. ಲಾಂಗ್ ಗ್ಯಾಲರಿ ಪೂರ್ವ ಬದಿಯುದ್ದಕ್ಕೆ 162 ಅಡಿ ಓಡುತ್ತದೆ, ಬೆಳಗಿನ ಬಿಸಿಲು ನೇರವಾಗಿ ಒಳಗೆ. ಅದೇ ಗೋಡೆಗಳ ಮೇಲೆ ಬೈಬಲಿನ ಗಿಡಿಯನ್ ಕಥೆಯ 13 ಟ್ಯಾಪೆಸ್ಟ್ರಿಗಳು (ಚಿತ್ರ ನೇಯ್ದ ಗೋಡೆಬಟ್ಟೆ), ಸುಮಾರು 6 ಮೀಟರ್ ಎತ್ತರದವು. ಬೆಸ್ 1592ರಲ್ಲಿ ಎಲಿಜಬೆತ್ ರಾಣಿಯ ಆಸ್ಥಾನಿಕನಾಗಿದ್ದ ಸರ್ ಕ್ರಿಸ್ಟಫರ್ ಹ್ಯಾಟನ್‌ನ ವಾರಸುದಾರರಿಂದ ಕೊಂಡಳು. ಅವನ ಲಾಂಛನದ ಮೇಲೆ ತನ್ನದನ್ನು ಬರೆಸಿದಳು, ಹ್ಯಾಟನ್‌ನ ಹೆಣ್ಣುಜಿಂಕೆಗೆ ಕೊಂಬು ಬರೆಸಿ ಗಂಡುಜಿಂಕೆ ಮಾಡಿಸಿದಳು.

ಇವುಗಳ ಸಂರಕ್ಷಣೆಗೆ, ಹಳೆ ಮನೆಗಳನ್ನು ಕಾಯುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ 24 ವರ್ಷ ತೆಗೆದುಕೊಂಡು 2023ರಲ್ಲಿ ಮುಗಿಸಿತು. ಒಂದೊಂದನ್ನೂ ಬೆಲ್ಜಿಯಮ್ಮಿನ ಮೆಖೆಲೆನ್‌ಗೆ ಕಳಿಸಿ ತೊಳೆಸಿ, ಆಮೇಲೆ ಹಿಂಬದಿಗೆ ಬಟ್ಟೆಯ ಆಸರೆ ಕೊಟ್ಟು ಸೂಜಿಯಲ್ಲಿ ಹೊಲಿದದ್ದು. ಮನೆ ಟ್ರಸ್ಟ್‌ನ ಕೈಗೆ ಬಂದದ್ದು 1959ರಲ್ಲಿ, ಬೆಸ್‌ಳ ವಂಶದ ಹತ್ತನೇ ಡೆವನ್‌ಶೈರ್ ಡ್ಯೂಕ್ 1950ರಲ್ಲಿ ತೀರಿಕೊಂಡ ಮೇಲೆ ಬಂದ ಮರಣ ತೆರಿಗೆಯ ಕಾರಣದಿಂದ. ಅದಕ್ಕೂ ಮುಂಚೆ ಆ ಮನೆತನ ತಮ್ಮ ಇನ್ನೊಂದು ಮನೆ ಚಾಟ್ಸ್‌ವರ್ತ್‌ನಲ್ಲೇ ಹೆಚ್ಚಾಗಿ ಇದ್ದುದರಿಂದ ಹಾರ್ಡ್‌ವಿಕ್ ಬದಲಾಗದೆ ಉಳಿಯಿತು. ಯಾರೂ ನೆಟ್ಟಗೆ ವಾಸಿಸದ್ದೇ ಮನೆಯ ಪುಣ್ಯ.

ಬೆಳಕಿನ ಲೆಕ್ಕ ನೋಡಿ (ಲಕ್ಸ್ ಅಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ಉಣ್ಣೆ, ರೇಷ್ಮೆಯಂಥ ಸೂಕ್ಷ್ಮ ವಸ್ತುವಿಗೆ ವರ್ಷಕ್ಕೆ 1,50,000 ಲಕ್ಸ್-ಗಂಟೆಯ ಮಿತಿ. 50 ಲಕ್ಸ್‌ನಲ್ಲಿಟ್ಟರೆ 3,000 ಗಂಟೆ ತೋರಿಸಬಹುದು. ತೆರೆದ ಕಿಟಕಿಯ ಪಕ್ಕದಲ್ಲಿ 2,000 ಲಕ್ಸ್ ಬಿದ್ದರೆ 75 ಗಂಟೆಗೆ ಇಡೀ ವರ್ಷದ ಕೋಟಾ ಖಾಲಿ.

ನಕ್ಷೆಗಣ್ಣು:
ಗಾಜಿಗೇ ಯುವಿ (ಅತಿನೇರಳೆ ಕಿರಣ) ತಡೆಯುವ ಫಿಲ್ಮ್ ಅಂಟಿಸಿ ಪರದೆ ತೆಗೆಯಬಾರದೇ?

ಗಾಜುಗಾರ:
ಬಣ್ಣ ಮಾಸಲು ಯುವಿ ಒಂದೇ ಕಾರಣವಲ್ಲ, ಕಣ್ಣಿಗೆ ಕಾಣುವ ಬೆಳಕೂ ಅಷ್ಟೇ ಪಾಲುದಾರ. ಫಿಲ್ಮ್ ಹಾಕಿದರೂ ಪರದೆ ಬೇಕೇ ಬೇಕು. ಜತೆಗೆ ಕೈಯಿಂದ ಊದಿದ ಹಳೆ ಗಾಜಿನ ಮೈ ಅಲೆಅಲೆ, ಫಿಲ್ಮ್ ಸರಿಯಾಗಿ ಕೂರುವುದಿಲ್ಲ. ಬಿಸಿಲನ್ನು ಹೀರಿ ಗಾಜಿನ ಬಿಸಿ ಏರಿಸುತ್ತದೆ, ತೆಗೆಯುವಾಗ ಅಂಟು ಎಳೆದು ತುಂಡು ಸೀಸದ ಪಟ್ಟಿಯಿಂದಲೇ ಕಿತ್ತು ಬರುತ್ತದೆ. ಹಳೆ ತುಂಡು ಇರುವ ಫಲಕಕ್ಕೆ ಫಿಲ್ಮ್ ಬೇಡ. ಒಳಬದಿಯಲ್ಲಿ ಬೇರೆ ಚೌಕಟ್ಟಿಗೆ ಯುವಿ ತಡೆಯುವ ಅಕ್ರಿಲಿಕ್ ಹಾಳೆ ಹಾಕಿ, ಕೆಳಗೂ ಮೇಲೂ ಗಾಳಿಗೆ ಸಂದು ಬಿಡಿ, ಇಲ್ಲವಾದರೆ ಎರಡರ ನಡುವೆ ಹನಿಗಟ್ಟಿ ಮತ್ತೆ ಸರಳಿನ ತುದಿಗೇ ತುಕ್ಕು.